‘ಓದಿದ್ದೀರಾ?’ ಎಂದು ಇಂಗ್ಲಿಷಿನಲ್ಲಿ ಕೇಳುವುದು ಹೇಗೆ?

ಒಂದು ಪುಸ್ತಕವನ್ನೋ ವರದಿಯನ್ನೋ ಎದುರಿನವರು ಓದಿದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಲು ಮುಖ್ಯವಾಗಿ ಎರಡು ರೂಪಗಳಿವೆ: ‘ಹ್ಯಾವ್ ಯು ರೆಡ್ ಇಟ್?’ ಮತ್ತು ‘ಡಿಡ್ ಯು ರೀಡ್ ಇಟ್?’. ವ್ಯಾಕರಣದ ಪಾಠದಲ್ಲಿ ಇವೆರಡನ್ನೂ ಬೇರೆ ಬೇರೆ ಕಾಲಗಳೆಂದು ಬಾಯಿಪಾಠ ಮಾಡಿದವರಿಗೂ ಮಾತಿನ ನಡುವೆ ಯಾವುದನ್ನು ಆರಿಸಬೇಕೆಂಬ ಗೊಂದಲ ಉಳಿದೇ ಇರುತ್ತದೆ. ‘ಓದಿದ್ದೀರಾ’, ‘ಓದಿದಿರಾ’ ಎಂಬ ಎರಡು ರೂಪಗಳು ಕನ್ನಡದಲ್ಲಿಯೂ ಇರುವುದರಿಂದ, ನಮಗೆ ಈ ವ್ಯತ್ಯಾಸವನ್ನು ಹಿಡಿಯುವುದು ಕಷ್ಟವಾಗಬೇಕಿಲ್ಲ.

ಕೇಳುವ ಮೊದಲು, ನಿಮ್ಮ ಮನಸ್ಸಿನಲ್ಲಿ ನಿರ್ದಿಷ್ಟ ಸಮಯವೊಂದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಯಾವಾಗ ಓದಿದರೆಂಬುದು ಮುಖ್ಯವಲ್ಲದೆ, ಓದಿದ ಅನುಭವ ಈಗ ಅವರಿಗಿದೆಯೇ ಎಂಬುದಷ್ಟೇ ಬೇಕಾಗಿದ್ದರೆ ‘ಹ್ಯಾವ್ ಯು ರೆಡ್’ ಸರಿ. ‘ನಿನ್ನೆ’, ‘ಕಳೆದ ವಾರ’ ಎಂಬಂತೆ ಮುಗಿದುಹೋದ ಸಮಯವನ್ನು ಸೇರಿಸಿದರೆ ‘ಡಿಡ್ ಯು ರೀಡ್’ ಎಂದೇ ಕೇಳಬೇಕು. ಸಮಯವನ್ನು ಬಾಯಿಬಿಟ್ಟು ಹೇಳದಿದ್ದರೂ ಇಬ್ಬರಿಗೂ ಅದು ತಿಳಿದಿದ್ದರೆ, ಉದಾಹರಣೆಗೆ ರಾತ್ರಿ ಕಳುಹಿಸಿದ ವರದಿಯ ಬಗ್ಗೆ ಬೆಳಿಗ್ಗೆ ವಿಚಾರಿಸುವಾಗ, ‘ಡಿಡ್’ ಸಹಜವಾಗಿಯೇ ಬರುತ್ತದೆ. ‘ಈ ಬೆಳಿಗ್ಗೆ ಪತ್ರಿಕೆ ಓದಿದ್ದೀರಾ?’ ಎಂಬುದನ್ನು ಹತ್ತು ಗಂಟೆಗೆ ‘ಹ್ಯಾವ್’ ಬಳಸಿ ಕೇಳುವ ಬ್ರಿಟಿಷರು, ಊಟದ ನಂತರ ಬೆಳಗು ಮುಗಿದಿರುವುದರಿಂದ ‘ಡಿಡ್’ ಬಳಸುತ್ತಾರೆ.

ಆಮೇಲೆ ಉಚ್ಚಾರಣೆಯ ಕಡೆಗೆ ಗಮನ ಕೊಡಿ, ಏಕೆಂದರೆ ಕಾಗುಣಿತ ಇಲ್ಲಿ ಸ್ವಲ್ಪವೂ ನೆರವಾಗುವುದಿಲ್ಲ. ಬರೆಯುವಾಗ ಎರಡೂ ಕಡೆ ಅದೇ ನಾಲ್ಕು ಅಕ್ಷರಗಳು. ಆದರೆ ‘ಹ್ಯಾವ್’ ಜೊತೆಗೆ ‘ರೆಡ್’, ‘ಡಿಡ್’ ಜೊತೆಗೆ ‘ರೀಡ್’. ಹಾಗಾಗಿ ಎರಡನ್ನೂ ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳುವುದೊಂದೇ ಉಪಾಯ.

ಸಣ್ಣ ಪದಗಳು ಪ್ರಶ್ನೆಯ ಭಾವವನ್ನೇ ಬದಲಿಸುತ್ತವೆ. ‘ಎವರ್’ ಸೇರಿಸಿದರೆ ‘ಜೀವನದಲ್ಲಿ ಎಂದಾದರೂ’ ಎಂಬ ಅರ್ಥ. ‘ಯೆಟ್’ ಸೇರಿಸಿದರೆ ಓದಬೇಕಾದದ್ದು ಆಗಿದೆಯೇ ಎಂಬ ನಿರೀಕ್ಷೆ ಕಾಣುತ್ತದೆ. ಆದ್ದರಿಂದ ಹಿರಿಯರನ್ನು ಕೇಳುವಾಗ ಅದು ಒತ್ತಾಯದಂತೆ ಕೇಳಿಸಬಹುದು. ‘ಆಲ್‌ರೆಡಿ’ಯಲ್ಲಿ ‘ಇಷ್ಟು ಬೇಗ ಓದಿಬಿಟ್ಟಿರಾ!’ ಎಂಬ ಅಚ್ಚರಿ ಇರುತ್ತದೆ. ‘ಯೆಟ್’, ‘ಆಲ್‌ರೆಡಿ’ಗಳಿದ್ದಾಗ ಬ್ರಿಟಿಷರು ಸಾಮಾನ್ಯವಾಗಿ ‘ಹ್ಯಾವ್’ ಬಳಸಿದರೆ, ಅಮೆರಿಕನ್ನರ ಮಾತಿನಲ್ಲಿ ‘ಡಿಡ್ ಯು ರೀಡ್ ಇಟ್ ಯೆಟ್?’ ಎಂಬುದೂ ಧಾರಾಳವಾಗಿ ಕೇಳಿಬರುತ್ತದೆ. ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ.

ಕಚೇರಿಯಲ್ಲಿ ಮೇಲಧಿಕಾರಿಯನ್ನು ನೇರವಾಗಿ ‘ಓದಿದ್ದೀರಾ?’ ಎಂದು ಕೇಳುವುದಕ್ಕಿಂತ ‘ಹ್ಯಾವ್ ಯು ಹ್ಯಾಡ್ ಎ ಚಾನ್ಸ್ ಟು ರೀಡ್ ಇಟ್?’ ಎನ್ನುವುದು ಮೃದು. ಓದದೆ ಇದ್ದದ್ದಕ್ಕೆ ಬಿಡುವಿಲ್ಲದ್ದೇ ಕಾರಣವೆಂದು ನಾವಾಗಿಯೇ ಒಪ್ಪಿಕೊಂಡಂತಾಗುವುದರಿಂದ, ಕೇಳಿಸಿಕೊಂಡವರಿಗೆ ಮುಜುಗರವಾಗುವುದಿಲ್ಲ.

ನಮ್ಮವರು ಹೆಚ್ಚಾಗಿ ಎಡವುವುದು ಉತ್ತರ ಕೊಡುವಾಗ. ‘ಕಳೆದ ವರ್ಷವೇ ಓದಿದ್ದೇನೆ’ ಎಂಬುದು ಕನ್ನಡದಲ್ಲಿ ಸಹಜವಾದ ವಾಕ್ಯವಾದ್ದರಿಂದ ‘ಐ ಹ್ಯಾವ್ ರೆಡ್ ಇಟ್ ಲಾಸ್ಟ್ ಇಯರ್’ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಪ್ರಶ್ನೆಯಲ್ಲಿ ‘ಹ್ಯಾವ್’ ಇದ್ದರೂ, ಉತ್ತರದಲ್ಲಿ ಸಮಯ ಬಂದ ಕೂಡಲೇ ಅದನ್ನು ಬಿಟ್ಟು ‘ಯೆಸ್, ಐ ರೆಡ್ ಇಟ್ ಲಾಸ್ಟ್ ಇಯರ್’ ಎನ್ನಬೇಕು. ಸಮಯ ಹೇಳದಿದ್ದರೆ ‘ಯೆಸ್, ಐ ಹ್ಯಾವ್’ ಎಂದರೆ ಸಾಕು.

‘ಹ್ಯಾವಂಟ್ ಯು ರೆಡ್ ಇಟ್?’ ಎಂಬ ನಿಷೇಧದ ಪ್ರಶ್ನೆಗೆ ಇನ್ನಷ್ಟು ಎಚ್ಚರ ಬೇಕು. ಅದರಲ್ಲಿ ‘ಇನ್ನೂ ಓದಿಲ್ಲವೇ?’ ಎಂಬ ಆಶ್ಚರ್ಯವೋ ಆಕ್ಷೇಪವೋ ಇರುವುದರಿಂದ ಹೊಸ ಪರಿಚಯದವರನ್ನು ಹಾಗೆ ಕೇಳದಿರುವುದೇ ಒಳ್ಳೆಯದು. ಯಾರಾದರೂ ನಿಮ್ಮನ್ನೇ ಹಾಗೆ ಕೇಳಿದಾಗ, ಕನ್ನಡದ ‘ಹೌದು, ಓದಿಲ್ಲ’ ಎಂಬ ಜಾಡಿನಲ್ಲಿ ಬರೀ ‘ಯೆಸ್’ ಎಂದರೆ ನೀವು ಓದಿದ್ದೀರಿ ಎಂದೇ ಅವರು ತಿಳಿಯುತ್ತಾರೆ. ಓದಿಲ್ಲದಿದ್ದರೆ ‘ನೋ, ಐ ಹ್ಯಾವಂಟ್’ ಎಂದೂ, ಓದಿದ್ದರೆ ‘ಯೆಸ್, ಐ ಹ್ಯಾವ್’ ಎಂದೂ ಪೂರ್ತಿಯಾಗಿ ಹೇಳಿ.