ಸ್ತನ ಕ್ಯಾನ್ಸರ್ ಮತ್ತೆ ಬಂದರೆ: ಚಿಕಿತ್ಸೆಗೆ ‘ಆಯ್ತು’ ಅನ್ನುವ ಮೊದಲು ಏನೇನು ಮಾಡಬೇಕು?

ಅಕ್ಕ ನಾಮಕರಣಕ್ಕೆ ಹೊರಟಿದ್ದಳು. ಸೆರಗಿಗೆ ಪಿನ್ನು ಚುಚ್ಚಿಕೊಳ್ಳುವಾಗ ಎಡಗಡೆ, ಕುತ್ತಿಗೆ ಕೆಳಗಿನ ಎಲುಬಿನ ಮೇಲೆ ಏನೋ ಕೈಗೆ ಸಿಕ್ಕಿತು. ಒಂದು ಕಾಫಿ ಹಣ್ಣಿನಷ್ಟು ಗಂಟು. ಗಟ್ಟಿ, ನೋವಿಲ್ಲ. ಆರು ವರ್ಷದ ಹಿಂದೆ ಅದೇ ಎಡಗಡೆ ಆಪರೇಷನ್ ಆಗಿತ್ತು, ಕೀಮೋ ಆಗಿತ್ತು, ನಮ್ಮ ಹಾಸನ ಜಿಲ್ಲೆಯ ಅರೇಹಳ್ಳಿ ಕಡೆ ಕರೆಂಟ್ ಇಡೋದು ಅಂತಾರಲ್ಲ, ಆ ರೇಡಿಯೇಷನ್ನೂ ಆಗಿತ್ತು. ಐದು ವರ್ಷ ಟ್ಯಾಮಾಕ್ಸಿಫೆನ್ ಅನ್ನುವ ಹಾರ್ಮೋನು ತಡೆಯುವ ಮಾತ್ರೆ ನುಂಗಿ ಮುಗಿಸಿದ್ದಳು. ಪಿನ್ನು ಕೈಯಲ್ಲೇ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟಳು.

ಮೂರನೇ ದಿನ ನಾವು ದೂರದ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದೆವು. ಸ್ಕ್ಯಾನ್ ಆಯ್ತು. ಬೆನ್ನುಮೂಳೆಯಲ್ಲೂ ಎರಡು ಕಡೆ ಕಾಣಿಸುತ್ತಿದೆ, ನಾಳೆಯಿಂದಲೇ ಕೀಮೋ ಶುರು ಮಾಡೋಣ, ಅಡ್ವಾನ್ಸ್ ಕಟ್ಟಿ ಬನ್ನಿ ಅಂದರು. ಭಾವ ಕಾರ್ಡ್ ತೆಗೆದೂ ಆಗಿತ್ತು. ಅಕ್ಕ ಹತ್ತು ಅಡಿ ಆಚೆ ಬೆಂಚಿನ ಮೇಲೆ ಫೈಲು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವತ್ತು ದುಡ್ಡು ಕಟ್ಟದೆ ವಾಪಸ್ ಬಂದೆವು. ಆಮೇಲಿನ ಮೂರು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವ ಔಷಧಿ ಅನ್ನುವುದನ್ನು ಕ್ಯಾನ್ಸರ್ ಡಾಕ್ಟರೇ ಹೇಳಬೇಕು. ಆದರೆ ಅವರ ಮುಂದೆ ಏನು ಹಿಡಿದುಕೊಂಡು ಹೋಗಬೇಕು, ಏನು ಕೇಳಬೇಕು, ಯಾರು ಕೇಳಬೇಕು ಅನ್ನುವುದು ಮನೆಯವರ ಕೈಯಲ್ಲಿದೆ.

ಮೊದಲು: ನಿಜವಾಗಲೂ ಅವಸರ ಇದೆಯಾ ನೋಡಿ

ಕೆಲವು ಲಕ್ಷಣ ಇದ್ದರೆ ಯೋಚನೆ ಮಾಡುತ್ತಾ ಕೂರುವಂತಿಲ್ಲ. ಕಾಲಿನಲ್ಲಿ ಶಕ್ತಿ ಹೋಗುವುದು ಅಥವಾ ಜೋಮು ಹಿಡಿಯುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಬಿಡದ ತಲೆನೋವಿನ ಜೊತೆ ವಾಂತಿ, ಫಿಟ್ಸ್, ಉಸಿರಾಡಲು ಕಷ್ಟ, ಕಣ್ಣು ಹಳದಿಯಾಗುವುದು, ಸಣ್ಣ ಪೆಟ್ಟಿಗೇ ಮೂಳೆ ಮುರಿಯುವುದು. ಇವುಗಳಲ್ಲಿ ಒಂದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿಕೊಂಡು ಕಾಲು ಸೋಲುತ್ತಿದ್ದರೆ ಒಂದೊಂದು ಗಂಟೆಗೂ ಬೆಲೆ ಇದೆ.

ಇವು ಯಾವುದೂ ಇಲ್ಲ ಅಂದರೆ, ಸರಿಯಾದ ಪರೀಕ್ಷೆ ಮಾಡಿಸಿ, ಇನ್ನೊಬ್ಬ ಡಾಕ್ಟರನ್ನು ಕೇಳಿ ಬರುವಷ್ಟು ಸಮಯ ಹೆಚ್ಚಿನವರಿಗೆ ಇರುತ್ತದೆ. ‘ಎರಡು ವಾರ ತಡವಾದರೆ ಏನಾದರೂ ತೊಂದರೆ ಇದೆಯಾ?’ ಅಂತ ಡಾಕ್ಟರನ್ನೇ ನೇರವಾಗಿ ಕೇಳಿ. ನಾವು ಕೇಳಿದೆವು. ‘ಇಲ್ಲ’ ಅಂದರು. ಹಾಗಾದರೆ ನಾಳೆಯೇ ಶುರು ಅಂತ ಯಾಕೆ ಹೇಳಿದಿರಿ ಅನ್ನುವುದಕ್ಕೆ ಉತ್ತರ ಸಿಗಲಿಲ್ಲ.

ಎಲ್ಲಿ ಬಂದಿದೆ ಅಂತ ತಿಳಿದುಕೊಳ್ಳಿ

‘ಮತ್ತೆ ಬಂದಿದೆ’ ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ವಿಷಯ ಇದೆ. ಅದೇ ಸ್ತನದಲ್ಲಿ ಅಥವಾ ಆಪರೇಷನ್ ಆದ ಗಾಯದ ಗೆರೆಯ ಆಸುಪಾಸಿನಲ್ಲಿ ಬಂದಿರಬಹುದು. ಕಂಕುಳಲ್ಲಿ, ಕುತ್ತಿಗೆಯ ಬುಡದ ಗ್ರಂಥಿಗಳಲ್ಲಿ ಬಂದಿರಬಹುದು. ಇಲ್ಲವೇ ಮೂಳೆ, ಶ್ವಾಸಕೋಶ, ಲಿವರ್, ಮೆದುಳಿನಂಥ ದೂರದ ಜಾಗಕ್ಕೆ ಹೋಗಿರಬಹುದು. ಮೊದಲ ಎರಡರಲ್ಲಿ ಪೂರ್ತಿ ವಾಸಿ ಮಾಡಬೇಕು ಅನ್ನುವ ಗುರಿಯಿಂದಲೇ ಚಿಕಿತ್ಸೆ ಕೊಡುವುದು ಸಾಮಾನ್ಯ. ಮೊದಲು ಗಡ್ಡೆ ಮಾತ್ರ ತೆಗೆದಿದ್ದರೆ ಈಗ ಸಾಮಾನ್ಯವಾಗಿ ಪೂರ್ತಿ ಸ್ತನ ತೆಗೆಯುತ್ತಾರೆ. ರೇಡಿಯೇಷನ್ ಒಮ್ಮೆ ಆಗಿರುವ ಜಾಗಕ್ಕೆ ಮತ್ತೆ ಕೊಡುವುದಕ್ಕೆ ಮಿತಿ ಇದೆ. ಆದ್ದರಿಂದ ಹಿಂದೆ ಎಷ್ಟು, ಎಲ್ಲಿಗೆ ಕೊಟ್ಟಿದ್ದರು ಅನ್ನುವ ಚೀಟಿ ಬೇಕೇ ಬೇಕು.

ದೂರಕ್ಕೆ ಹರಡಿದ್ದರೆ ಬೇರುಸಹಿತ ಕಿತ್ತು ಹಾಕುವುದು ಸಾಮಾನ್ಯವಾಗಿ ಆಗುವುದಿಲ್ಲ. ಈ ಮಾತು ಕೇಳುವಾಗ ಕಾಲ ಕೆಳಗಿನ ನೆಲ ಜಾರುತ್ತದೆ, ಗೊತ್ತು. ಆದರೆ ವಾಸಿ ಆಗದ್ದು ಅಂದರೆ ಔಷಧಿಯೇ ಇಲ್ಲ ಅಂತ ಅರ್ಥ ಅಲ್ಲ. ಶುಗರ್, ಬಿ.ಪಿ. ಥರ ಹತೋಟಿಯಲ್ಲಿಟ್ಟುಕೊಂಡು, ಒಂದು ಔಷಧಿ ಕೆಲಸ ನಿಲ್ಲಿಸಿದರೆ ಇನ್ನೊಂದಕ್ಕೆ ಬದಲಾಯಿಸುತ್ತಾ ವರ್ಷಗಟ್ಟಲೆ ಮನೆ, ತೋಟ ನೋಡಿಕೊಂಡು ಇರುವವರಿದ್ದಾರೆ. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಮಾತು ಕೊಡಲು ಆಗುವುದಿಲ್ಲ ಅನ್ನುವುದೂ ಅಷ್ಟೇ ನಿಜ.

ಮತ್ತೆ ಬಯಾಪ್ಸಿ ಮಾಡಿಸಿ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಯಾಪ್ಸಿ ಅಂದರೆ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವುದು. ಆರು ವರ್ಷದ ಹಿಂದಿನ ರಿಪೋರ್ಟ್ ಇದೆಯಲ್ಲ, ಮತ್ತೆ ಯಾಕೆ ಸೂಜಿ ಚುಚ್ಚಿಸಬೇಕು ಅಂತ ಮನೆಯವರಿಗೆ ಅನ್ನಿಸುತ್ತದೆ. ಭಾವನೂ ಅದನ್ನೇ ಹೇಳಿದರು. ಕಾರಣ ಇದೆ. ವಾಪಸ್ ಬಂದ ಕ್ಯಾನ್ಸರಿನ ಗುಣ ಕೆಲವರಲ್ಲಿ ಬದಲಾಗಿರುತ್ತದೆ. ಇ.ಆರ್., ಪಿ.ಆರ್. ಅಂತ ಎರಡು ಹಾರ್ಮೋನು ಗುರುತು, ಹರ್-2 ಅಂತ ಇನ್ನೊಂದು ಗುರುತು ಇರುತ್ತದೆ. ಮೊದಲ ಸಲ ಪಾಸಿಟಿವ್ ಇದ್ದದ್ದು ಈಗ ನೆಗೆಟಿವ್ ಆಗಿರಬಹುದು, ನೆಗೆಟಿವ್ ಇದ್ದದ್ದು ಪಾಸಿಟಿವ್ ಆಗಿರಬಹುದು. ಔಷಧಿ ನಿಂತಿರುವುದೇ ಈ ಮೂರರ ಮೇಲೆ. ಅಪರೂಪಕ್ಕೆ, ಸ್ಕ್ಯಾನಿನಲ್ಲಿ ಕಂಡದ್ದು ಕ್ಯಾನ್ಸರೇ ಅಲ್ಲ ಅಂತ ಗೊತ್ತಾಗುವುದೂ ಉಂಟು. ಟಿ.ಬಿ. ಗಂಟು ಇದ್ದರೂ ಸ್ಕ್ಯಾನಿನಲ್ಲಿ ಹೊಳೆಯುತ್ತದೆ.

ಹರ್-2 ಮುಂದೆ ‘2+’ ಅಂತ ಬರೆದಿದ್ದರೆ ಉತ್ತರ ಪೂರ್ತಿ ಸಿಕ್ಕಿಲ್ಲ ಅಂತ ಅರ್ಥ. ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಬೇಕಾಗುತ್ತದೆ. ಮೂಳೆಯಿಂದ ತೆಗೆದ ಚೂರಿನಲ್ಲಿ ಈ ಪರೀಕ್ಷೆಗಳು ಕೆಲವೊಮ್ಮೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಗಂಟು ಬೇರೆ ಕಡೆಯೂ ಸಿಗುವಂತಿದ್ದರೆ ಅಲ್ಲಿಂದ ತೆಗೆಯುವುದು ವಾಸಿ. ಅಕ್ಕನದು ಆ ಕಾಫಿ ಹಣ್ಣಿನಂಥ ಗಂಟಿನಿಂದಲೇ ತೆಗೆದರು. ಹತ್ತು ನಿಮಿಷದ ಕೆಲಸ.

ಫೈಲು ಜೋಡಿಸಿಕೊಳ್ಳಿ

ಸುಮ್ನೆ ಕವರಿನಲ್ಲಿ ತುರುಕಿಕೊಂಡು ಹೋಗಬೇಡಿ. ತಾರೀಖಿನ ಪ್ರಕಾರ ಜೋಡಿಸಿ: ಹಳೆ ಬಯಾಪ್ಸಿ, ಆಪರೇಷನ್ ಆದಾಗಿನ ರಿಪೋರ್ಟ್, ಕೀಮೋದಲ್ಲಿ ಯಾವ ಔಷಧಿ ಎಷ್ಟು ಸಲ, ರೇಡಿಯೇಷನ್ ಚೀಟಿ, ಮಾತ್ರೆ ಎಂದು ಶುರು ಎಂದು ಮುಗೀತು, ಹೊಸ ಸ್ಕ್ಯಾನಿನ ಸಿ.ಡಿ. ಇನ್ನೊಂದು ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಅಂತಾರೆ. ಅರ್ಜಿ ಬರೆದುಕೊಟ್ಟು ಬ್ಲಾಕನ್ನೂ ಗಾಜಿನ ಸ್ಲೈಡನ್ನೂ ಕೇಳಿ ಪಡೆಯಬಹುದು. ಬೇರೆ ಡಾಕ್ಟರ್ ಹತ್ತಿರ ಹೋಗುವಾಗ ಅವರು ಮೊದಲು ಕೇಳುವುದು ಇದನ್ನೇ. ನಮ್ಮ ಹಳೆ ರಿಪೋರ್ಟಿನಲ್ಲಿ ಹರ್-2 ಇದ್ದ ಪುಟವೇ ಇರಲಿಲ್ಲ. ಎಲ್ಲಿ ಕಳೆಯಿತೋ. ಬ್ಲಾಕ್ ಸಿಕ್ಕಿದ್ದರಿಂದ ಉಳಿದೆವು.

ಗುಣ ನೋಡಿ ದಾರಿ

ಹಾರ್ಮೋನು ಪಾಸಿಟಿವ್, ಹರ್-2 ನೆಗೆಟಿವ್ ಇದ್ದರೆ, ದೂರಕ್ಕೆ ಹರಡಿದ್ದರೂ, ಲಿವರ್ ಅಥವಾ ಶ್ವಾಸಕೋಶ ಕೈಕೊಡುವ ಸ್ಥಿತಿ ಇಲ್ಲದಿದ್ದರೆ, ಮೊದಲು ಕೊಡುವುದು ಸಾಮಾನ್ಯವಾಗಿ ಕೀಮೋ ಅಲ್ಲ, ಮಾತ್ರೆ. ಲೆಟ್ರೋಜೋಲ್ ಥರದ ಹಾರ್ಮೋನು ಮಾತ್ರೆ ಅಥವಾ ಫುಲ್ವೆಸ್ಟ್ರಾಂಟ್ ಇಂಜೆಕ್ಷನ್, ಅದರ ಜೊತೆಗೆ ಕ್ಯಾನ್ಸರ್ ಕಣ ಬೆಳೆಯುವುದನ್ನು ತಡೆಯುವ ಪಾಲ್ಬೋಸಿಕ್ಲಿಬ್, ರೈಬೋಸಿಕ್ಲಿಬ್ ಅಥವಾ ಅಬೆಮಾಸಿಕ್ಲಿಬ್. ಪಾಲ್ಬೋಸಿಕ್ಲಿಬ್ ಔಷಧಿಯ ಪೇಟೆಂಟ್ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿಯಿತು. ಆಮೇಲೆ ನಮ್ಮ ದೇಶದ ಕಂಪನಿಗಳೇ ತಯಾರಿಸಲು ಶುರು ಮಾಡಿ ಬೆಲೆ ತುಂಬಾ ಇಳಿಯಿತು. ‘ಅದು ನಮ್ಮಂಥವರಿಗಲ್ಲ’ ಅಂತ ಹಿಂದೆ ಯಾರಾದರೂ ಹೇಳಿದ್ದರೆ ಈಗ ಮತ್ತೆ ಕೇಳಿ. 21 ದಿನ ತೆಗೆದುಕೊಂಡು 7 ದಿನ ಬಿಡುವ ಔಷಧಿ ಇದು. ಬಿಳಿ ರಕ್ತಕಣ ಇಳಿಯುತ್ತದೆ, ಅದಕ್ಕೆ ಆಗಾಗ ರಕ್ತಪರೀಕ್ಷೆ ಬೇಕು. ಅಬೆಮಾಸಿಕ್ಲಿಬ್‌ನಲ್ಲಿ ಭೇದಿ ಜಾಸ್ತಿ, ರೈಬೋಸಿಕ್ಲಿಬ್‌ಗೆ ಇ.ಸಿ.ಜಿ. ನೋಡಬೇಕು.

ಹರ್-2 ಪಾಸಿಟಿವ್ ಇದ್ದರೆ ಟ್ರಾಸ್ಟುಜುಮಾಬ್ ಅನ್ನುವ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ, ಜೊತೆಗೆ ಬೇರೆ ಔಷಧಿ. ಇದರ ದೇಶೀ ರೂಪ 2014ರಿಂದ ಸಿಗುತ್ತಿದೆ, ಬೆಂಗಳೂರಿನ ಬಯೋಕಾನ್ ತಂದದ್ದು. ಹೃದಯದ ಎಕೋ ಪರೀಕ್ಷೆ ನಡುನಡುವೆ ಮಾಡಿಸಬೇಕು. ಮೂರೂ ನೆಗೆಟಿವ್ ಇದ್ದರೆ ಕೀಮೋನೇ ಮುಖ್ಯ. ಪಿ.ಡಿ.-ಎಲ್.1 ಅನ್ನುವ ಪರೀಕ್ಷೆ ಪಾಸಿಟಿವ್ ಬಂದರೆ ಅದರ ಜೊತೆ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ ಇದೆ. ಬಿ.ಆರ್.ಸಿ.ಎ. ಜೀನಿನಲ್ಲಿ ದೋಷ ಇದ್ದರೆ ಒಲಾಪರಿಬ್ ಮಾತ್ರೆ ಇದೆ, ಆ ಪರೀಕ್ಷೆ ಹೆಣ್ಣುಮಕ್ಕಳಿಗೂ ತಂಗಿಯರಿಗೂ ಉಪಯೋಗ.

ಮೂಳೆಗೆ ಬಂದಿದ್ದರೆ ಮೂಳೆ ಗಟ್ಟಿ ಮಾಡುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಕೊಡುತ್ತಾರೆ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರನ್ನು ನೋಡಿ. ಹುಳುಕು ಹಲ್ಲು ಕೀಳಿಸುವುದಿದ್ದರೆ ಮುಂಚೆಯೇ ಕೀಳಿಸಿ. ಡ್ರಿಪ್ ಶುರುವಾದ ಮೇಲೆ ಕಿತ್ತರೆ ದವಡೆಯ ಗಾಯ ಮಾಯದೆ ಉಳಿಯುವ ಅಪಾಯ ಇದೆ. ಮೂಳೆ ನೋವಿಗೆ ಒಂದೇ ಒಂದು ಸಲದ ರೇಡಿಯೇಷನ್ ಕೂಡ ಅನೇಕರಿಗೆ ಸಾಕಾಗುತ್ತದೆ. ಹತ್ತು ದಿನ ಪೇಟೆಯಲ್ಲಿ ರೂಮು ಮಾಡಿಕೊಂಡು ಇರಬೇಕಾಗಿಲ್ಲ. ಹಾಗೆ ಕೊಡಬಹುದಾ ಅಂತ ಕೇಳಿ.

ಕಾಯಿಲೆ ಬಂದವರನ್ನೇ ಕೇಳಿ

‘ಅವಳಿಗೆ ಹೇಳಬೇಡಿ, ತಡ್ಕೊಳ್ಳಲ್ಲ’ ಅನ್ನುವ ಮಾತು ನಮ್ಮ ಕಡೆ ಎಲ್ಲರ ಮನೆಯಲ್ಲೂ ಬರುತ್ತದೆ. ಪ್ರೀತಿಯಿಂದಲೇ ಬರುತ್ತದೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ಕೀಮೋ ಕಂಡವರು ಅವರು. ಕೂದಲು ಉದುರಿದ್ದು, ಬಾಯಿ ಹುಣ್ಣು, ನೀರು ಕುಡಿದರೂ ವಾಂತಿ, ಎಲ್ಲ ಅವರ ಮೈಗೆ ಗೊತ್ತು. ನಾವು ಕಾರಿಡಾರಿನಲ್ಲಿ ಪಿಸುಗುಟ್ಟುವುದು ಅವರಿಗೆ ಕೇಳಿಸುತ್ತಲೇ ಇರುತ್ತದೆ.

ನಾವು ಮನೆಗೆ ಬಂದ ರಾತ್ರಿ ಅಕ್ಕನ ಹತ್ತಿರ ಕೂತು, ‘ನಿಂಗೆ ಏನು ಬೇಕು ಅಕ್ಕ?’ ಅಂತ ಕೇಳಿದೆ. ಬದುಕಬೇಕು ಅಂತಾಳೆ ಅಂದುಕೊಂಡಿದ್ದೆ. ‘ಕೈ ಬೆರಳು ಮತ್ತೆ ಜೋಮು ಹಿಡಿಯಬಾರದು. ಹೋದ ಸಲ ಹೂ ಕಟ್ಟಕ್ಕೂ ಆಗಲಿಲ್ಲ’ ಅಂದಳು. ಆರು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲವಲ್ಲ. ಕೆಲವು ಕೀಮೋ ಔಷಧಿಗಳು ಬೆರಳ ತುದಿಯ ನರಕ್ಕೆ ಪೆಟ್ಟು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಈ ಒಂದು ಮಾತು ಡಾಕ್ಟರಿಗೆ ತಿಳಿದರೆ ಆಯ್ಕೆಯೇ ಬದಲಾಗಬಹುದು.

ಕ್ಯಾಲೆಂಡರಿನ ಮುಗಿದ ತಿಂಗಳ ಹಾಳೆ ಹರಿದು, ಅದರ ಹಿಂದೆ ಅವಳ ಪ್ರಶ್ನೆಗಳನ್ನು ಬರೆದುಕೊಂಡೆವು. ಈ ಚಿಕಿತ್ಸೆಯ ಗುರಿ ವಾಸಿ ಮಾಡುವುದಾ, ಹತೋಟಿಯಲ್ಲಿಡುವುದಾ? ಕೆಲಸ ಮಾಡುತ್ತಿದೆ ಅಂತ ಯಾವಾಗ, ಹೇಗೆ ಗೊತ್ತಾಗುತ್ತದೆ? ತಡೆಯಲಾಗದಿದ್ದರೆ ಡೋಸ್ ಕಡಿಮೆ ಮಾಡಬಹುದಾ? ಇದು ಕೈಕೊಟ್ಟರೆ ಮುಂದೇನು? ಏನೂ ಮಾಡದಿದ್ದರೆ ಏನಾಗುತ್ತದೆ? ತಿಂಗಳಿಗೆ ಖರ್ಚೆಷ್ಟು, ಎಷ್ಟು ತಿಂಗಳು? ಡಾಕ್ಟರ್ ಉತ್ತರ ಹೇಳುವಾಗ ಒಬ್ಬರು ಬರೆದುಕೊಳ್ಳಿ. ಆ ಕೋಣೆಯಲ್ಲಿ ಕೇಳಿದ್ದರಲ್ಲಿ ಅರ್ಧ ಹೊರಗೆ ಬರುವಷ್ಟರಲ್ಲಿ ಮರೆತಿರುತ್ತದೆ.

ಇನ್ನೊಬ್ಬ ಡಾಕ್ಟರನ್ನು ಕೇಳಿದರೆ ಮೊದಲಿನವರಿಗೆ ಬೇಜಾರಾಗುತ್ತದೆ ಅನ್ನುವ ಸಂಕೋಚ ಬೇಡ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ, ಲಿವರಿನ ಮೇಲೆ ಎರಡೂ ಸೇರಿ ಭಾರ ಬೀಳಬಹುದು. ಅದಕ್ಕೋಸ್ಕರ ಆಸ್ಪತ್ರೆಯ ಔಷಧಿ ನಿಲ್ಲಿಸಿದವರನ್ನು ನಾನು ನೋಡಿದ್ದೇನೆ, ವಾಪಸ್ ಹೋಗುವಷ್ಟರಲ್ಲಿ ತುಂಬಾ ತಡವಾಗಿತ್ತು.

ದಾರಿ ಮತ್ತು ದುಡ್ಡು

ಹಾಸನದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 185 ಕಿಲೋಮೀಟರ್. ಮೂಡಿಗೆರೆ, ಸಕಲೇಶಪುರದ ಒಳಗಿನ ತೋಟದಿಂದ ಹೊರಟರೆ ಇನ್ನೂ ದೂರ. ಮಂಗಳೂರು ಹತ್ತಿರ ಅನ್ನಿಸಬಹುದು, ಆದರೆ ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಎರಡೂ ಯಾವಾಗ ಮುಚ್ಚುತ್ತವೋ ಹೇಳಲಾಗದು. ಹಾಗಾಗಿ ಯೋಜನೆ ದೊಡ್ಡ ಆಸ್ಪತ್ರೆಯಲ್ಲಿ ಆಗಲಿ, ರಕ್ತಪರೀಕ್ಷೆ ಮತ್ತು ಆಗುವಷ್ಟು ಇಂಜೆಕ್ಷನ್ ಹತ್ತಿರದಲ್ಲೇ ಮಾಡಿಸಬಹುದಾ ಅಂತ ಕೇಳಿ. ಕೀಮೋ ಆಯ್ಕೆ ಮಾಡಿಕೊಂಡರೆ ಒಂದು ಮಾತು: 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಡೋಲೊ ನುಂಗಿ ಬೆಳಿಗ್ಗೆ ನೋಡೋಣ ಅನ್ನುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆ ಸೇರಬೇಕು. ಆ ಗಾಡಿ ಯಾರದು, ಡ್ರೈವರ್ ಯಾರು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿ. ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಮೊದಲು ಹಾಸನದ ಹಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯಿರಿ. ಹೊಸ ಮಾತ್ರೆಗಳೆಲ್ಲ ಪ್ಯಾಕೇಜಿನಲ್ಲಿ ಇರುವುದಿಲ್ಲ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಔಷಧಿಯ ಹೆಸರು ಹೇಳಿಯೇ ಕೇಳಿ. ಬೆಂಗಳೂರಿನ ಕಿದ್ವಾಯಿ 1973ರಲ್ಲಿ ಶುರುವಾದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಜನಸಂದಣಿ ಇದೆ, ಕಾಯಬೇಕು, ಆದರೆ ಎರಡನೇ ಅಭಿಪ್ರಾಯಕ್ಕೆ ಅಲ್ಲಿಗೆ ಹೋಗಿ ಬಂದವರು ನಮ್ಮೂರಿನಲ್ಲೇ ಇದ್ದಾರೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಇದೆ. ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ.

ನೋವಿನ ಡಾಕ್ಟರ್ ಮೊದಲಿನಿಂದಲೇ

ಪ್ಯಾಲಿಯೇಟಿವ್ ಕೇರ್ ಅಂದ ತಕ್ಷಣ ಕೈಬಿಟ್ಟರು ಅಂದುಕೊಳ್ಳುತ್ತೇವೆ. ಅದು ತಪ್ಪು. ನೋವು, ವಾಂತಿ, ನಿದ್ದೆ, ಭಯ ಇವನ್ನು ನೋಡಿಕೊಳ್ಳುವ ವಿಭಾಗ ಅದು, ಚಿಕಿತ್ಸೆಯ ಜೊತೆಜೊತೆಗೇ ನಡೆಯಬೇಕು. ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಹೆದರಬೇಡಿ. ಮುಂದೊಂದು ದಿನ ‘ಸಾಕು’ ಅಂತ ಅವರೇ ಅಂದರೆ, ಅದೂ ಒಂದು ತೀರ್ಮಾನವೇ, ಅದಕ್ಕೂ ಕಿವಿಗೊಡಬೇಕು. ಬೆಂಗಳೂರಿನ ಕರುಣಾಶ್ರಯದಲ್ಲಿ ಅಂಥವರನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ.

ಅಕ್ಕನ ಹೊಸ ಬಯಾಪ್ಸಿಯಲ್ಲಿ ಇ.ಆರ್. ಪಾಸಿಟಿವ್, ಹರ್-2 ನೆಗೆಟಿವ್ ಬಂತು. ಎರಡನೇ ಡಾಕ್ಟರ್ ಮಾತ್ರೆಯ ದಾರಿ ಹೇಳಿದರು, ಅವಳೇ ಒಪ್ಪಿದಳು, ಸಹಿಯೂ ಅವಳದೇ. ಮೂರು ತಿಂಗಳ ಸ್ಕ್ಯಾನಿನಲ್ಲಿ ಗಂಟು ಸಣ್ಣದಾಗಿದೆ, ಬೆನ್ನಿನದು ಹಾಗೇ ಇದೆ. ಮುಂದಿನ ಸ್ಕ್ಯಾನ್ ದೀಪಾವಳಿ ಕಳೆದ ಮೇಲೆ. ಈ ಸಲದ ಕ್ಯಾಲೆಂಡರ್ ಹಾಳೆಯ ಹಿಂದೆ ಮೊದಲನೇ ಪ್ರಶ್ನೆ ಬರೆದಾಗಿದೆ: ರೋಬಸ್ಟಾ ಕಾಫಿ ಕುಯ್ಲಿಗೆ ತೋಟಕ್ಕೆ ಇಳಿಯಬಹುದಾ? ಫೋನಿನಲ್ಲೇ ಕೇಳಿಬಿಟ್ಟಳು. ಇಳಿಯಬಹುದು, ಮೂಟೆ ಮಾತ್ರ ಎತ್ತಬಾರದು ಅಂದರಂತೆ.