ದಮ್ಮು ಇದ್ದವರು ಸೋಂಕಿನ ಲೆಕ್ಕ ಹಾಕುವುದು ಹೇಗೆ?

ಸಾಂಕ್ರಾಮಿಕ ಹಬ್ಬಿದಾಗೆಲ್ಲ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: 'ಶ್ವಾಸಕೋಶದ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.' ಯಾವ ಅಪಾಯ, ಎಷ್ಟು ಹೆಚ್ಚು ಎಂದು ಬಿಡಿಸಿ ಹೇಳುವವರು ಕಡಿಮೆ. ಕೇಳಿದವರಲ್ಲಿ ಕೆಲವರು ಕಿಟಕಿಯನ್ನೂ ಮುಚ್ಚಿ ಒಳಗೆ ಕೂರುತ್ತಾರೆ, ಕೆಲವರು 'ಆಗೋದು ಆಗುತ್ತೆ' ಎಂದು ಕೈಚೆಲ್ಲುತ್ತಾರೆ.

ಮೊದಲು ಅಪಾಯವನ್ನು ಎರಡು ಮಾಡಿಕೊಳ್ಳಿ. ಸೋಂಕು ತಗಲುವುದು ಒಂದು, ತಗಲಿದ ಮೇಲೆ ಬಿಗಡಾಯಿಸುವುದು ಇನ್ನೊಂದು. ಯಾರ ಜೊತೆ, ಎಂಥ ಕೋಣೆಯಲ್ಲಿ, ಎಷ್ಟು ಹೊತ್ತು ಇದ್ದಿರಿ ಎನ್ನುವುದರ ಮೇಲೆ ಮೊದಲನೆಯದು ನಿಂತಿದೆ. ನಿಮ್ಮ ಕಾಯಿಲೆಯ ಭಾರ ಬೀಳುವುದು ಹೆಚ್ಚಾಗಿ ಎರಡನೆಯದರ ಮೇಲೆ. ಅದರಲ್ಲೂ ವೈರಸ್ಸಿನಿಂದ ವೈರಸ್ಸಿಗೆ ಲೆಕ್ಕ ಬೇರೆ. 2009ರ ಎಚ್1ಎನ್1 ಜ್ವರದಲ್ಲಿ ಆಸ್ಪತ್ರೆ ಸೇರಿದವರಲ್ಲಿ ಅಸ್ತಮಾದವರು ಗಣನೀಯವಾಗಿದ್ದರು. ಕೋವಿಡ್‌ನಲ್ಲಿ ಹತೋಟಿಯಲ್ಲಿದ್ದ ಸೌಮ್ಯ ಅಸ್ತಮಾ ಆರಂಭದಲ್ಲಿ ಹೆದರಿದಷ್ಟು ಕಾಡಲಿಲ್ಲ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ಕಾಡಿತು. ಹಾಗಾಗಿ 'ನನಗೆ ಲಂಗ್ಸ್ ತೊಂದರೆ' ಎಂದರೆ ಸಾಲದು. ಕಾಯಿಲೆಯ ಹೆಸರು, ಅದರ ಹಂತ ಎರಡನ್ನೂ ವೈದ್ಯರಿಂದ ಬರೆಸಿಕೊಳ್ಳಿ.

ಎರಡನೆಯ ಕೆಲಸ, ಹುಷಾರಾಗಿರುವಾಗಲೇ ನಿಮ್ಮ ರಕ್ತದ ಆಮ್ಲಜನಕದ ಅಂಕಿ ತಿಳಿದಿರಬೇಕು. ಐದು ನಿಮಿಷ ಸುಮ್ಮನೆ ಕೂತು, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಉಗುರುಬಣ್ಣ ತೆಗೆದು, ಅದನ್ನು ಅಳೆಯುವ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ. ಕುಣಿಯುವ ಅಂಕಿ ನಿಲ್ಲುವವರೆಗೆ ಕಾಯಿರಿ. ಹೀಗೆ ಒಂದು ವಾರ ಬರೆದಿಡಿ. ಸಿಒಪಿಡಿ ಬಲಿತ ಕೆಲವರಿಗೆ ವೈದ್ಯರು 88ರಿಂದ 92ರ ಗುರಿಯನ್ನೇ ಇಟ್ಟಿರುತ್ತಾರೆ. ಪಕ್ಕದವರ 98 ನೋಡಿ ಕಂಗಾಲಾಗಬೇಡಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಎಂದಿನ ಅಂಕಿಗಿಂತ ಮೂರ್ನಾಲ್ಕು ಇಳಿದು ಅಲ್ಲೇ ನಿಂತರೆ ವೈದ್ಯರಿಗೆ ಫೋನ್ ಮಾಡಿ. ಅಂಕಿ ಚೆನ್ನಾಗಿದ್ದೂ ಮಾತಾಡಲಾಗದಷ್ಟು ಏದುಸಿರು ಬಂದರೆ ನಂಬಬೇಕಾದ್ದು ಉಸಿರನ್ನು, ಯಂತ್ರವನ್ನಲ್ಲ.

ಇನ್ನು ಗಾಳಿ. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದಿತ್ತು. ಆಮೇಲೆ ಮಾತು ಬದಲಿಸಬೇಕಾಯಿತು. ಅಷ್ಟರಲ್ಲಿ ನಾವೆಲ್ಲ ಪೊಟ್ಟಣ ಒರೆಸುತ್ತ ಕೂತಿದ್ದೆವು! ಯಾವುದೇ ಕೋಣೆಗೆ ಹೋದಾಗ ಅಲ್ಲಿ ಯಾರೋ ಸಿಗರೇಟು ಸೇದುತ್ತಿದ್ದಾರೆ ಎಂದುಕೊಳ್ಳಿ. ಹೊಗೆ ಎಲ್ಲಿ ಕಟ್ಟಿಕೊಳ್ಳುತ್ತದೋ ಅಲ್ಲಿ ಸೋಂಕೂ ಕಟ್ಟಿಕೊಳ್ಳುತ್ತದೆ. ಎದುರುಬದುರು ಕಿಟಕಿ ತೆರೆದಿದ್ದರೆ ಕೂರಿ, ಇಲ್ಲವಾದರೆ ಕೆಲಸ ಮುಗಿಸಿ ಬೇಗ ಎದ್ದುಬನ್ನಿ. ಎನ್95 ಮಾಸ್ಕ್ ಹಾಕಿದ ಮೇಲೂ ಕನ್ನಡಕ ಮಂಜಾದರೆ ಮೂಗಿನ ಬಳಿ ಸಂದಿದೆ ಎಂದರ್ಥ, ತಂತಿಯನ್ನು ಒತ್ತಿ ಸರಿಮಾಡಿ. ಮಾಸ್ಕಿನಲ್ಲಿ ಉಸಿರುಕಟ್ಟುವವರು ಮನೆಯಲ್ಲೇ ಹತ್ತು ನಿಮಿಷ ಕೂತು ಅಭ್ಯಾಸ ಮಾಡಿಕೊಳ್ಳಿ, ಆಮೇಲೆ ನಡೆದು ನೋಡಿ.

ಲಸಿಕೆ ಬಿಡಬೇಡಿ. ಫ್ಲೂ ಚುಚ್ಚುಮದ್ದು ವರ್ಷವರ್ಷವೂ ಬೇಕು.

ಸ್ಟೀರಾಯ್ಡ್ ಇನ್ಹೇಲರ್ ರೋಗನಿರೋಧಕ ಶಕ್ತಿ ಕುಗ್ಗಿಸುತ್ತದೆಂದು ಹೆದರಿ ನಿಲ್ಲಿಸುವುದು ನಾನು ಕಂಡ ದೊಡ್ಡ ತಪ್ಪು. ನಿಲ್ಲಿಸಿದರೆ ಉಬ್ಬಸ ಕೆರಳುತ್ತದೆ, ಕೆರಳಿದ ಶ್ವಾಸಕೋಶಕ್ಕೆ ಸೋಂಕು ಬಿದ್ದರೆ ಕಷ್ಟ ಎರಡರಷ್ಟು. ಎಳೆದ ಮೇಲೆ ಬಾಯಿ ಮುಕ್ಕಳಿಸಿದರಾಯಿತು.

ಜ್ವರ ಬಂದರೆ ಪರೀಕ್ಷೆಗೆ ತಡ ಮಾಡಬೇಡಿ. ಫ್ಲೂ ಔಷಧಿ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಕೋವಿಡ್‌ನ ಮಾತ್ರೆ ಪ್ಯಾಕ್ಸ್ಲೋವಿಡ್ ಲಕ್ಷಣ ಕಂಡ ಐದು ದಿನದೊಳಗೆ ಶುರುವಾಗಬೇಕು. ಆದರೆ ಇದಕ್ಕೂ ಸಾಲ್ಮೆಟೆರಾಲ್ (ಶ್ವಾಸನಾಳ ಹಿಗ್ಗಿಸುವ ಔಷಧಿ) ಇರುವ ಇನ್ಹೇಲರ್‌ಗೂ ಆಗಿಬರುವುದಿಲ್ಲ. ವೈದ್ಯರ ಬಳಿ ಹೋಗುವಾಗ ನಿಮ್ಮ ಇನ್ಹೇಲರ್‌ಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡೇ ಹೋಗಿ.