ಸ್ಟಾಫ್ ರೂಮಿನ ಸಣ್ಣ ಮಾತು ಆಫೀಸ್‌ಗೆ ಹೋಗ್ತಿದ್ದಾಗ ನಾನು ಮಾಡಿದ್ದು

ತಾಲ್ಲೂಕು ಊರಿನ ಒಂದು ಪ್ರೈವೇಟ್ ಶಾಲೆಲಿ ಸಮಾಜ ವಿಜ್ಞಾನ ಟೀಚರ್ ನಾನು, ಒಂಬತ್ತು ವರ್ಷ ಆಯ್ತು. ಮೂರನೇ ವರ್ಷದಲ್ಲಿ ನನ್ನ ಬಗ್ಗೆ ಯಾರೋ ಆಫೀಸ್‌ಗೆ ಚಾಡಿ ಹೇಳೋದು ಶುರುವಾಯ್ತು. ಹೆಚ್ಎಂ ಸರ್ ಕರೆದು "ನಿನ್ನೆ 8ನೇ ಬಿಗೆ ಲೇಟಾಗಿ ಹೋದ್ರಂತೆ", ಇನ್ನೊಂದಿನ "ಕೂತ್ಕೊಂಡೇ ಪಾಠ ಮಾಡಿದ್ರಂತೆ", ಆಮೇಲೆ "ಪಾಠ ಟಿಪ್ಪಣಿ ಎರಡು ವಾರದಿಂದ ಬರೆದಿಲ್ವಂತೆ". ಎಲ್ಲದಕ್ಕೂ ಕೊನೇಲಿ ಒಂದು ಅಂತೆ. ಆ ಅಂತೆ ಕೇಳಿದ್ರೇನೇ ಹೊಟ್ಟೆ ಉರೀತಿತ್ತು, ರಾತ್ರಿ ನಿದ್ದೆ ಬರ್ತಿರ್ಲಿಲ್ಲ.

ಮೊದಲು ಎರಡು ತಪ್ಪು ಮಾಡಿದೆ. "ಯಾರು ಸರ್ ಹೇಳಿದ್ದು?" ಅಂತ ಕೇಳ್ದೆ, ಅವರು ಹೇಳ್ಲಿಲ್ಲ, ನಾನು ಕೇಳಿದ ವಿಷಯ ಮಾತ್ರ ಸ್ಟಾಫ್ ರೂಮಿಗೆಲ್ಲಾ ಗೊತ್ತಾಯ್ತು. ಆಮೇಲೆ ಊಟದ ಹೊತ್ತಲ್ಲಿ ಇಬ್ಬರ ಹತ್ರ ಮನಸ್ಸಿಗೆ ಬಂದಿದ್ದೆಲ್ಲಾ ಆಡ್ಕೊಂಡೆ, ಸಂಜೆಯೊಳಗೆ ಅದೂ ಆಫೀಸ್‌ಗೆ ಹೋಗಿತ್ತು.

ಆವತ್ತೇ ಒಂದು ನೂರು ಪೇಜಿನ ಲಾಂಗ್ ನೋಟ್‌ಬುಕ್ ತಗೊಂಡೆ. ಅದ್ರಲ್ಲಿ ಬೇರೆಯವರ ತಪ್ಪು ಒಂದೂ ಬರೀಲಿಲ್ಲ, ನನ್ನ ಕೆಲಸ ಮಾತ್ರ. "8 ಬಿ, 3ನೇ ಪೀರಿಯಡ್, 7 ನಿಮಿಷ ಲೇಟ್, ಎಸ್ಎಟಿಎಸ್ ಎಂಟ್ರಿಗೆ ಆಫೀಸಲ್ಲಿದ್ದೆ" ಇಷ್ಟೇ. ಎಸ್ಎಟಿಎಸ್ ಅಂದ್ರೆ ಮಕ್ಕಳ ಮಾಹಿತಿ ತುಂಬೋ ಸರ್ಕಾರದ ಆನ್‌ಲೈನ್ ವ್ಯವಸ್ಥೆ. ಆ ಎಂಟ್ರಿ ಕೆಲಸ ಕೊಟ್ಟಿದ್ದು ಹೆಚ್ಎಂ ಸರ್ರೇ, ಅವರಿಗೇ ನೆನಪಿರ್ಲಿಲ್ಲ. ಲೇಟ್ ಆಗತ್ತೆ ಅಂತ ಗೊತ್ತಾದ್ರೆ ಬೇರೆಯವರು ಹೇಳೋ ಮುಂಚೆ ನಾನೇ ಹೋಗಿ ಹೇಳ್ತಿದ್ದೆ, ಟಿಪ್ಪಣಿ ನಿಜವಾಗ್ಲೂ ಬಾಕಿ ಇತ್ತು, ಅದನ್ನೂ ಒಪ್ಕೊಂಡೆ, ಶನಿವಾರ ಕೂತು ಬರೆದು ಸೈನ್ ಹಾಕಿಸ್ಕೊಂಡೆ.

ಆಮೇಲೆ ಪಕ್ಕದ ರೂಮಲ್ಲಿ 10ನೇ ಕ್ಲಾಸಿಗೆ ಗಣಿತ ತಗೊಳ್ಳೋ ಮೇಡಂ ಹತ್ರ ಹೋದೆ, ಅವರೇ ಹೇಳೋದು ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಸ್ಟಾಫ್ ರೂಮಲ್ಲಿ ಅಲ್ಲ, ಲಾಂಗ್ ಬೆಲ್ ಆದ್ಮೇಲೆ ಮೆಟ್ಲ ಹತ್ರ, ಇಬ್ಬರೇ. "ಮೇಡಂ, ನನ್ನ ಕ್ಲಾಸಿಂದ ನಿಮಗೇನಾದ್ರೂ ತೊಂದ್ರೆ ಆಗ್ತಿದ್ರೆ ನಂಗೇ ಹೇಳಿ" ಅಂದೆ. ಕೈಯಲ್ಲಿದ್ದ ಚಾಕ್‌ಪೀಸ್ ಪುಡಿ ಸೀರೆ ಸೆರಗಿಗೆ ಒರೆಸ್ಕೊಳ್ತಾ ಸ್ವಲ್ಪ ಹೊತ್ತು ಸುಮ್ಮನಿದ್ರು. "ನೀವು ಬರೋವರೆಗೂ ಆ ಮಕ್ಕಳ ಗಲಾಟೇಲಿ ನನ್ನ ಮಕ್ಕಳಿಗೆ ಒಂದು ಲೆಕ್ಕ ಕೇಳಿಸಲ್ಲ ಮೇಡಂ, ಎಸ್ಎಸ್ಎಲ್‌ಸಿ ರಿಸಲ್ಟ್ ಕಮ್ಮಿ ಆದ್ರೆ ಮ್ಯಾನೇಜ್ಮೆಂಟ್ ಕೇಳೋದು ನನ್ನ, ನಿಮ್ಮನ್ನಲ್ಲ" ಅಂದ್ರು. ನಮ್ಮೆರಡು ರೂಮಿನ ಮಧ್ಯೆ ಇರೋದು ಪ್ಲೈವುಡ್ ಪಾರ್ಟಿಷನ್. ನಂಗೆ ಉತ್ತರ ಬರ್ಲಿಲ್ಲ, ಅವರು ಹೇಳಿದ್ದು ನಿಜ. ಮಾರನೇ ದಿನದಿಂದ ಲೀಡರ್ ಹುಡುಗಿಗೆ ಮ್ಯಾಪ್ ಕೊಟ್ಟಿಟ್ಟೆ, ನಾನು ಬರೋದು ತಡ ಆದ್ರೆ ಅವಳು ಬೋರ್ಡಿಗೆ ನೇತು ಹಾಕಿ ಊರು ಗುರುತು ಹಾಕಿಸ್ಬೇಕು.

ಹಾಗಂತ ಎಲ್ಲಾ ಸರಿ ಹೋಯ್ತು ಅಂತಲ್ಲ. ಕೂತ್ಕೊಂಡು ಪಾಠ ಮಾಡಿದ್ದು ಯಾಕೆ ಹೇಳ್ಬೇಕಿತ್ತೋ ನಂಗೆ ಇವತ್ತಿಗೂ ಗೊತ್ತಿಲ್ಲ, ಆವತ್ತು ನಂಗೆ ಸೊಂಟ ನೋವಿತ್ತು. ಅದು ಚಾಡಿನೇ.

ಆದ್ರೆ ಎಲ್ಲಾ ಕಂಪ್ಲೇಂಟನ್ನೂ ಚಾಡಿ ಅನ್ಬಾರ್ದು. ಎರಡು ವರ್ಷದ ಹಿಂದೆ 7ನೇ ಕ್ಲಾಸಿನ ಹುಡುಗನಿಗೆ ಒಬ್ಬ ಸರ್ ಸ್ಕೇಲಲ್ಲಿ ಹೊಡೆದ್ರು, ಬೆರಳು ಊದಿತ್ತು. ಇದೇ ಮೇಡಂ ಹೋಗಿ ಹೇಳಿದ್ರು. ಸ್ಟಾಫ್ ರೂಮಲ್ಲಿ ಎಲ್ಲಾ ಅವರ ಜೊತೆ ಮಾತು ಬಿಟ್ರು, "ಸಹೋದ್ಯೋಗಿ ಹೊಟ್ಟೆ ಮೇಲೆ ಹೊಡೆದ್ರು" ಅಂದ್ರು. 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ನಲ್ಲಿ ಮಕ್ಕಳಿಗೆ ಹೊಡೆಯೋದು, ಮಾನಸಿಕ ಹಿಂಸೆ ಕೊಡೋದು ಎರಡಕ್ಕೂ ನಿಷೇಧ ಇದೆ, ಇದನ್ನ ಟ್ರೈನಿಂಗಲ್ಲಿ ಎಲ್ರೂ ಕೇಳಿರ್ತೀವಿ. ನಾನು ನನ್ನ ಊಟದ ಡಬ್ಬಿ ತಗೊಂಡು ಹೋಗಿ ಅವರ ಟೇಬಲ್ ಹತ್ರ ಕೂತೆ, ಒಂದು ತಿಂಗಳು ನಾವಿಬ್ಬರೇ ಊಟ ಮಾಡಿದ್ವಿ.

ಕಳೆದ ವಾರ ಮತ್ತೆ ಒಂದು ಅಂತೆ ಬಂತು, ಕ್ಲಾಸಲ್ಲಿ ಫೋನ್ ನೋಡಿದ್ರಂತೆ ಅಂತ. ನೋಟ್‌ಬುಕ್ ತಗೊಂಡು ಹೋಗಿ ಆ ದಿನದ ಪುಟ ತೆಗೆದು ಸರ್ ಮುಂದಿಟ್ಟೆ. ಅಮ್ಮ ಆಸ್ಪತ್ರೇಲಿದ್ರು, ಒಂದು ಕಾಲ್ ತಗೊಂಡೆ, 2 ನಿಮಿಷ. ಸರ್ ಓದಿ, "ಅಮ್ಮ ಈಗ ಹೇಗಿದ್ದಾರೆ ಮೇಡಂ?" ಅಂತ ಕೇಳಿದ್ರು.